ಉಗುರು ತಾಗಿಸಿದ ಹಣ್ಣು

ಕೆಲಸ ಬಿಡುವುದಕ್ಕೆಂದೇ ನಾನು ಬೌದ್ಧ ವಿಹಾರ ಸೇರಿದವಳು. ಯಾಕೆ ಸೇರಿದಿರಿ ಅಂತ ಬಂದವರು ಕೇಳಿದರೆ ಉಳಿದವರು ಶಾಂತಿ ಅನ್ನುತ್ತಾರೆ, ಬಿಡುಗಡೆ ಅನ್ನುತ್ತಾರೆ. ನನಗೆ ಅಷ್ಟು ದೊಡ್ಡ ಮಾತು ಬರುವುದಿಲ್ಲ. ಓದಿದ್ದು ನಾಲ್ಕನೇ ಕ್ಲಾಸು. ನನಗೆ ಬೇಕಾಗಿದ್ದದ್ದು ಒಂದೇ: ನನ್ನ ಎರಡು ಕೈಗಳು ತೊಡೆಯ ಮೇಲೆ ಸುಮ್ಮನೆ ಬಿದ್ದಿರಬೇಕು, ಅವನ್ನು ಎಬ್ಬಿಸುವ ಹಕ್ಕು ಯಾರಿಗೂ ಇರಬಾರದು.

ನಮ್ಮದು ಗಾವಡಗೆರೆ ಕಡೆಯ ಒಂದು ಹಳ್ಳಿ. ಕೊರಳಲ್ಲಿ ಲಿಂಗ ಕಟ್ಟುವ ಮನೆ, ಹೊಗೆಸೊಪ್ಪಿನ ಬೇಸಾಯ. ಸಸಿ ನೆಡುವುದು, ಕಳೆ ಕೀಳುವುದು, ಕುಡಿ ಚಿವುಟುವುದು, ಎಲೆ ಮುರಿಯುವುದು, ಮುರಿದ ಎಲೆಯನ್ನು ಕಡ್ಡಿಗೆ ಕಟ್ಟಿ ಬ್ಯಾರನ್ನಿಗೆ, ಅಂದರೆ ಸೊಪ್ಪು ಬೇಯಿಸುವ ಮನೆಗೆ, ಏರಿಸಿ ಬೆಂಕಿ ಕಾಯುವುದು. ಕಡ್ಡಿಗೆ ಕಟ್ಟುವುದು ಹೆಂಗಸರ ಪಾಲು. ಎಲೆಯ ಅಂಟು ಬೆರಳಿಗೆ ಹತ್ತಿ ಕಪ್ಪಗಾಗುತ್ತದೆ. ಸೋಪಿಗೂ ಹೋಗುವುದಿಲ್ಲ, ಸೀಗೆಗೂ ಹೋಗುವುದಿಲ್ಲ. ಮದುವೆಗೆ ಅರಿಶಿನ ಹಚ್ಚುವಾಗಲೂ ನನ್ನ ಬೆರಳ ಸಂದಿಯಲ್ಲಿ ಆ ಕಪ್ಪು ಇತ್ತು. ಅದೇ ಕೈಯಲ್ಲಿ ಮುದ್ದೆ ತಿರುವಿದೆ, ಮಕ್ಕಳ ಮೈ ತೊಳೆದೆ, ಗಂಡನ ಹೆಣಕ್ಕೆ ನೀರು ಹುಯ್ದೆ. ಮಣ್ಣು ಮಾಡಿ ಬಂದು ಕೂತಿದ್ದೆ, ಸೊಸೆ ಹತ್ತಿರ ಬಂದು “ಅತ್ತೆ, ಸೊಪ್ಪು ಬಾಡ್ತಾ ಅವೆ” ಅಂದಳು. ಅವಳ ತಪ್ಪಿಲ್ಲ. ಮುರಿದಿಟ್ಟ ಸೊಪ್ಪು ಸಾವು ಅಂತ ಕಾಯುವುದಿಲ್ಲ. ಎದ್ದು ಹೋಗಿ ಕಟ್ಟಿದೆ.

ಗಂಡನ ವರ್ಷದ ಕಾರ್ಯ ಮುಗಿದ ಮೇಲೆ ಊರ ಹೆಂಗಸರ ಜೊತೆ ಕೊಪ್ಪದ ಕಡೆ ಹೋಗಿದ್ದೆ. ಅಲ್ಲಿ ಟಿಬೆಟಿನವರ ಗುಡಿಯಲ್ಲಿ ಎಲ್ಲರೂ ನೋಡುವ ಚಿನ್ನದ ಬಣ್ಣದ ಬುದ್ಧರನ್ನು ನಾನೂ ನೋಡಿದೆ. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಬೋಳುತಲೆಯ ಹೆಂಗಸು ಕೂತರು. ಟಿಬೆಟಿನವರಲ್ಲ, ಕನ್ನಡದವರೇ, ಮೈಸೂರಿನ ಮಾತು. ಕಂದು ಬಟ್ಟೆ ಹೊದ್ದಿದ್ದರು. ಇಳಿದು ಹೋಗುತ್ತಿದ್ದ ಯಾರೋ ಅವರ ಕೈಗೆ ಒಂದು ಸೀಬೆಹಣ್ಣು ಕೊಟ್ಟು ಕೈ ಮುಗಿದರು. ಆ ಹಣ್ಣನ್ನು ಅವರು ಹಿಡಿದುಕೊಂಡೇ ಕೂತರು. ಪಿರಿಯಾಪಟ್ಟಣ ದಾಟಿತು, ಆಗಲೂ ಹಿಡಿದುಕೊಂಡೇ ಇದ್ದರು.

“ಹಣ್ಣು ಚೆನ್ನಾಗಿಲ್ವಾ?” ಅಂದೆ.

“ಚೆನ್ನಾಗಿದೆ. ನೀವು ಇದಕ್ಕೆ ಸ್ವಲ್ಪ ಉಗುರು ತಾಗಿಸಿಕೊಟ್ಟರೆ ತಿನ್ನುತ್ತೇನೆ.”

“ಯಾಕೆ, ನಿಮ್ಗೆ ಉಗುರಿಲ್ವಾ?”

ಅವರು ನಕ್ಕರು. ಬೀಜದಲ್ಲಿ ಜೀವ ಇದೆ, ಚೀವರ ಹೊದ್ದವರು ಅದನ್ನು ಕೆಡಿಸುವಂತಿಲ್ಲ, ಬೇರೆ ಯಾರಾದರೂ ಉಗುರು ತಾಗಿಸಿ ಕೊಟ್ಟರೆ ತಿನ್ನಬಹುದು ಅಂದರು. ಮೈಮೇಲಿನ ಆ ಕಂದು ಬಟ್ಟೆಗೇ ಚೀವರ ಅನ್ನುತ್ತಾರಂತೆ.

“ಅಂದ್ರೆ ಪಾಪ ನಂಗೆ ಬತ್ತದೆ.”

“ನಿಮಗೆ ಆ ನಿಯಮ ಇಲ್ಲವಲ್ಲ, ಅಮ್ಮ.”

ನಾನು ಹೆಬ್ಬೆರಳ ಉಗುರನ್ನು ಹಣ್ಣಿಗೆ ಒತ್ತಿ ಕೊಟ್ಟೆ. ತಿಂದರು. ಆಮೇಲೆ ಒಂದೊಂದಾಗಿ ಕೇಳುತ್ತಾ ಹೋದೆ. ಮಣ್ಣು ಅಗೆಯುವಂತಿಲ್ಲ. ಸೊಪ್ಪು ಕೊಯ್ಯುವಂತಿಲ್ಲ. ಒಲೆ ಹಚ್ಚುವಂತಿಲ್ಲ. ಅಡುಗೆ ಮಾಡುವಂತಿಲ್ಲ. ದುಡ್ಡು ಮುಟ್ಟುವಂತಿಲ್ಲ.

“ಮತ್ತೆ ಕೈ ಏನ್ ಮಾಡ್ತವೆ ದಿನಾ?”

“ಹೀಗೆ ಇರುತ್ತವೆ” ಅಂತ ತೋರಿಸಿದರು. ಒಂದು ಅಂಗೈ ಮೇಲೆ ಇನ್ನೊಂದು ಅಂಗೈ, ತೊಡೆಯ ಮೇಲೆ. ಬಸ್ಸು ಕುಲುಕಿದರೂ ಆ ಕೈಗಳು ಅಲ್ಲೇ ಇದ್ದವು. ನಾನು ಹುಣಸೂರು ಬರುವವರೆಗೂ ಅವನ್ನೇ ನೋಡಿದೆ. ಇಂಥದ್ದೊಂದು ಜಾಗ ಇದೆ, ಅಲ್ಲಿ ಕೆಲಸ ಮಾಡಿದರೇ ತಪ್ಪು ಅಂತ ಅರವತ್ತು ದಾಟುವವರೆಗೂ ನನಗೆ ಯಾರೂ ಹೇಳಿರಲಿಲ್ಲ.

ಮನೆಯಲ್ಲಿ ಹೇಳಿದಾಗ ಹಿರಿಮಗ “ಅವ್ವ, ನಾವೇನ್ ಕಮ್ಮಿ ಮಾಡುದೋ?” ಅಂದ. ಕಮ್ಮಿ ಮಾಡಿರಲಿಲ್ಲ. ಹೊತ್ತಿಗೆ ಅನ್ನ ಹಾಕುತ್ತಿದ್ದರು, ಅನ್ನದ ಹಿಂದೆಯೇ ಕಡ್ಡಿ ಕೊಡುತ್ತಿದ್ದರು, ಅಷ್ಟೇ. ಅವನಿಗೆ ಅದನ್ನು ಹೇಳಿದರೆ ಅರ್ಥವಾಗುತ್ತಿರಲಿಲ್ಲ. ಅವನ ಕೈಯೂ ಕಪ್ಪಗೇ ಇತ್ತು.

ವಿಹಾರ ಅಂದರೆ ಹುಣಸೂರು ರಸ್ತೆಯಿಂದ ಒಳಗೆ, ಹೊಗೆಸೊಪ್ಪಿನ ಹೊಲಗಳ ಮಧ್ಯೆ ಶೀಟು ಹಾಕಿದ ಉದ್ದನೆಯ ಮನೆ. ಎದುರಿಗೆ ಒಂದು ಸೀಬೆಮರ, ಹಿಂದೆ ಬೀಳುಬಿದ್ದ ಖಾಲಿ ನೆಲ. ಬಸ್ಸಿನಲ್ಲಿ ಸಿಕ್ಕವರೇ ಅಲ್ಲಿನ ಹಿರಿಯರು. ಎಲ್ಲರೂ ಅವರನ್ನು ದೊಡ್ಡ ಮಾತಾಜಿ ಅನ್ನುತ್ತಿದ್ದರು. ಅವರ ಜೊತೆ ಚೀವರದವರು ಇನ್ನು ಮೂವರು. ಅಲ್ಲಿಯವರೆಗೆ ಅಡುಗೆ ಮಾಡುತ್ತಿದ್ದ ಹೆಂಗಸು ಮಗಳ ಬಾಣಂತನಕ್ಕೆ ಹೋದವಳು ತಿರುಗಿ ಬಂದಿರಲಿಲ್ಲ.

ನನಗೆ ಬಿಳಿ ಬಟ್ಟೆ ಕೊಟ್ಟರು. ಬಿಳಿ ಅಂದರೆ ಕಲಿಯುವವಳು. ಕೂದಲು ಕತ್ತರಿಸಿದರು, ಹಗುರವಾಯಿತು. ಕೊರಳಿನ ಲಿಂಗ ಏನು ಮಾಡಲಿ ಅಂದೆ. “ಇಟ್ಟುಕೊಳ್ಳುವುದೂ ಬಿಡುವುದೂ ನಿಮ್ಮ ಇಷ್ಟ” ಅಂದರು. ಬಿಚ್ಚಿ ಟ್ರಂಕಿನಲ್ಲಿಟ್ಟೆ. ಸತ್ತಾಗ ಮಕ್ಕಳು ಬಂದು ಅದನ್ನು ಕೈಗೆ ಕೊಟ್ಟು ಕೂರಿಸಿ ಹೂಳುತ್ತಾರೋ, ಇವರು ಮಲಗಿಸಿ ಸುಡುತ್ತಾರೋ ಗೊತ್ತಿಲ್ಲ. ಆಗ ನನ್ನನ್ನು ಯಾರೂ ಕೇಳುವುದಿಲ್ಲ.

“ಚೀವರ ಯಾವಾಗ?” ಅಂದೆ.

“ಒಂದು ವರ್ಷ ಬಿಳಿಯಲ್ಲಿರಿ. ಬುದ್ಧಪೂರ್ಣಿಮೆಗೆ ಹೊರಗಿನಿಂದ ಹಿರಿಯರು ಬರುತ್ತಾರೆ, ಅವರ ಮುಂದೆ ಕೊಡುತ್ತೇವೆ. ನೋಡೋಣ.”

ಒಂದು ವರ್ಷ ಯಾವ ಲೆಕ್ಕ ಅಂದುಕೊಂಡೆ. ಒಂದು ಬೆಳೆ.

ಮೊದಲ ದಿನವೇ ಎಲ್ಲರನ್ನೂ ಉಪವಾಸ ಕೆಡವಿದೆ. ಮುದ್ದೆ, ಬಸ್ಸಾರು, ಅನ್ನ ಮಾಡಿ ಅವರವರ ಬಟ್ಟಲಿಗೆ ಬಡಿಸಿ ಮುಂದಿಟ್ಟು, ಪಾತ್ರೆ ಉಜ್ಜಲು ಹಿತ್ತಲಿಗೆ ಹೋದೆ. ತಳ ಹತ್ತಿದ ಪಾತ್ರೆ, ಬೂದಿ ಹಾಕಿ ಉಜ್ಜಿ ಉಜ್ಜಿ ಮುಗಿಸಿ ಬಂದರೆ ನಾಲ್ಕೂ ಜನ ಬಟ್ಟಲ ಮುಂದೆ ಹಾಗೇ ಕೂತಿದ್ದಾರೆ. ಮುದ್ದೆ ಆರಿ ಕಲ್ಲಾಗಿತ್ತು.

“ಯಾಕೆ, ಸಾರು ಕೆಟ್ಟದಾ?” ಅಂದೆ.

“ಇಲ್ಲ ಅಜ್ಜಿ. ನೀವು ಬಟ್ಟಲು ನಮ್ಮ ಕೈಗೆ ಕೊಡಲಿಲ್ಲ. ಕೈಗೆ ಕೊಡದಿದ್ದದ್ದನ್ನು ನಾವು ಉಣ್ಣುವುದಿಲ್ಲ” ಅಂದರು ದೊಡ್ಡ ಮಾತಾಜಿ.

“ಒಂದ್ ಕೂಗು ಹಾಕಿದ್ರೆ ಬತ್ತಿರ್ಲಿಲ್ವಾ?”

“ಊಟ ಕೊಡಿ ಅಂತ ಕೇಳುವಂತೆಯೂ ಇಲ್ಲ.”

ಅಷ್ಟರಲ್ಲಿ ಹೊತ್ತು ನೆತ್ತಿ ದಾಟಿತ್ತು. ಮಧ್ಯಾಹ್ನದ ಮೇಲೆ ಯಾರೂ ಉಣ್ಣುವುದಿಲ್ಲ, ಬಿಳಿಯವಳೂ ಉಣ್ಣುವುದಿಲ್ಲ. ಮುದ್ದೆಯನ್ನು ಪಕ್ಕದ ಹೊಲದವನ ಎಮ್ಮೆಗೆ ಹಾಕಿದೆ. ಅವನು ಬೇಲಿಯಾಚೆಯಿಂದ “ಏನಜ್ಜಿ, ಸನ್ಯಾಸಿಗಳಿಗಿಂತ ನಮ್ಮೆಮ್ಮೆನೇ ವಾಸಿ, ಕೈಗ್ ಕೊಡು ಅನ್ನಲ್ಲ” ಅಂದ. ಅಂದಿನಿಂದ ಎರಡೂ ಕೈಯಲ್ಲಿ ಬಟ್ಟಲು ಎತ್ತಿ ಅವರ ಕೈಗೆ ಕೊಟ್ಟು, ತಗ್ಗಿ ನಿಲ್ಲುವುದನ್ನು ಕಲಿತೆ.

ಹಣ್ಣಿನ ಕ್ರಮವೂ ಹಾಗೆ. ಹಣ್ಣಿನ ತಟ್ಟೆ ಬಂದರೆ ದೊಡ್ಡ ಮಾತಾಜಿ ಪಾಳಿ ಭಾಷೆಯಲ್ಲಿ “ಕಪ್ಪಿಯಂ ಕರೋಹಿ” ಅನ್ನುತ್ತಾರೆ, ತಿನ್ನಲು ಸಲ್ಲುವಂತೆ ಮಾಡು ಅಂತ. ನಾನು ಒಂದು ಹಣ್ಣಿಗೆ ಉಗುರು ಒತ್ತಿ “ಕಪ್ಪಿಯಂ ಅಯ್ಯೇ” ಅನ್ನುತ್ತೇನೆ, ಆಯಿತು ಅಂತ. ಒಂದಕ್ಕೊಂದು ತಾಗಿಕೊಂಡಿದ್ದರೆ ತಟ್ಟೆಯಷ್ಟಕ್ಕೂ ಸಂದಿತು. ಈ ಒಂದು ಮಾತು ಮಾತ್ರ ನನ್ನ ನಾಲಿಗೆಗೆ ಬೇಗ ಹತ್ತಿತು. ಉಳಿದ ಪಾಠ ಹತ್ತಲಿಲ್ಲ. ಉಸಿರು ನೋಡಿ ಅನ್ನುತ್ತಾರೆ. ಬರುತ್ತದೆ, ಹೋಗುತ್ತದೆ, ಅದರಲ್ಲಿ ನೋಡುವುದೇನಿದೆ. ಸಂಜೆ ಧ್ಯಾನಕ್ಕೆ ಕೂತರೆ ಗೋಡೆಗೆ ಒರಗಿ ನಿದ್ದೆ ಮಾಡುತ್ತಿದ್ದೆ. ಕಣ್ಣು ಮುಚ್ಚಿದರೆ ಕೈಗಳು ತಾವಾಗಿ ಎಲೆ ಕಟ್ಟುತ್ತಿದ್ದವು. ಎದ್ದು ನೋಡಿದರೆ ಬಿಳಿ ಬಟ್ಟೆಯ ಅಂಚನ್ನು ಗಂಟು ಹಾಕಿರುತ್ತಿದ್ದೆ.

ಚೀವರ ಬೇಗ ಸಿಗಲಿ ಅಂತ ಮೈಮುರಿದು ದುಡಿದೆ. ಇದೇ ನಾನು ಮಾಡಿದ ದಡ್ಡತನ. ಬೇಸಾಯದ ಮನೆಯವಳಿಗೆ ಗೊತ್ತಿರುವುದು ಅದೊಂದೇ: ದುಡಿದವರಿಗೆ ಸಿಗುತ್ತದೆ ಅಂತ. ಹಿಂದಿನ ಖಾಲಿ ನೆಲ ಅಗೆದು ಪಾತಿ ಮಾಡಿದೆ. ದಂಟು, ಕೀರೆ, ಬದನೆ, ಅವರೆ ಹಾಕಿದೆ. ದೊಡ್ಡ ಮಾತಾಜಿ ಅಗೆಯಿರಿ ಅಂತ ಒಂದು ದಿನವೂ ಅನ್ನಲಿಲ್ಲ. ಅನ್ನುವಂತೆಯೂ ಇಲ್ಲ. “ಅಜ್ಜಿ, ಅಲ್ಲಿ ಮಣ್ಣು ಗಟ್ಟಿಯಾಗಿದೆ, ತಿಳಿಯಿರಿ” ಅನ್ನುತ್ತಿದ್ದರು. ತಿಳಿಯಿರಿ ಅಂದರೆ ಗುದ್ದಲಿ ತಗೋ ಅಂತ. “ನೀರು ತಣ್ಣಗಿದೆ, ತಿಳಿಯಿರಿ” ಅಂದರೆ ಒಲೆ ಹಚ್ಚು ಅಂತ. ಮನೆಯಲ್ಲಿ ಸೊಸೆ ಸೊಪ್ಪು ಬಾಡ್ತಾ ಅವೆ ಅಂದದ್ದೂ ಇದೇ ಭಾಷೆ. ಅದು ಆಗ ನನಗೆ ಹೊಳೆಯಲಿಲ್ಲ.

ಮೊದಲ ಪೂರ್ಣಿಮೆ ಬಂತು. ಹಿರಿಯರು ಬರಲಿಲ್ಲ, ಯಾರಿಗೂ ಚೀವರ ಇಲ್ಲ ಅಂದರು. ಆ ಮಳೆಗಾಲಕ್ಕೆ ಎಚ್.ಡಿ. ಕೋಟೆ ಕಡೆಯಿಂದ ಒಬ್ಬಳು ಹುಡುಗಿ ಬಂದಳು. ಡಿಗ್ರಿ ಓದಿದ್ದಳು, ನನ್ನ ಮಗಳ ಮಗಳ ವಯಸ್ಸು. ಅವಳಿಗೂ ಬಿಳಿ ಕೊಟ್ಟರು. ಸದ್ಯ ಒಲೆಗೆ ಇನ್ನೊಂದು ಜೊತೆ ಕೈ ಬಂತು ಅಂದುಕೊಂಡೆ. ಮೊದಲ ವಾರವೇ ಅನ್ನ ಸೀಯಿಸಿದಳು. ದಂಟಿನ ಜೊತೆ ಕಳೆಯನ್ನೂ ಕಿತ್ತು ತಂದು ಸಾರಿಗೆ ಹಾಕಿದಳು.

“ನಿಮ್ಮವ್ವ ನಿಂಗೇನ್ ಕಲಿಸವ್ಳೆ?” ಅಂದೆ.

“ಓದು ಅಂದ್ಲು ಕಣಜ್ಜಿ. ಒಲೆ ತಾವ ಬರ್ಬ್ಯಾಡ ಅಂದ್ಲು.”

“ನಮ್ಮವ್ವ ಅದ್ನ ತಿರುಗ್ಸಿ ಹೇಳಿದ್ಲು.”

ಒಳ್ಳೆಯ ಹುಡುಗಿ. ಪಾಳಿಯ ಪಾಠಗಳನ್ನು ಕಣ್ಣು ಮುಚ್ಚಿ ಹೇಳುತ್ತಿದ್ದಳು. ಮುಂದಿನ ಪೂರ್ಣಿಮೆಗೆ ಅವಳಿಗೆ ಚೀವರ ಕೊಟ್ಟರು, ನನಗೆ “ನೋಡೋಣ” ಅಂದರು. ಅವಳ ತಲೆ ಬೋಳಿಸುವಾಗ ಕೂದಲು ಹಿಡಿಯುವ ಬಟ್ಟೆಯನ್ನು ನಾನೇ ಹಿಡಿದಿದ್ದೆ. ಹಿರಿಯರ ಊಟಕ್ಕೆ ಅಡುಗೆಯೂ ನಾನೇ. ಸಂಜೆ ಅವಳಿಗೆ ಬಗ್ಗಿ ನಮಸ್ಕಾರ ಮಾಡಬೇಕಾಯಿತು.

“ನೀ ಬಗ್ಗಬ್ಯಾಡ ಕಣಜ್ಜಿ, ನಂಗ್ ಒಂಥರಾ ಆಯ್ತದೆ” ಅಂದಳು.

“ಅವರು ಬಗ್ಗುವುದು ಚೀವರಕ್ಕೆ, ನಿಮಗಲ್ಲ. ಸುಮ್ಮನೆ ಕೂತುಕೊಳ್ಳಿ” ಅಂದರು ದೊಡ್ಡ ಮಾತಾಜಿ.

ಕೂತಳು. ಮಾರನೆಯ ಬೆಳಿಗ್ಗೆ ಅಡುಗೆಮನೆ ಬಾಗಿಲಲ್ಲಿ ಬಂದು ನಿಂತು, ಮುಖ ತಗ್ಗಿಸಿ, “ಅಜ್ಜಿ, ನೀರು ತಣ್ಣಗದೆ... ತಿಳೀರಿ” ಅಂದಳು. ನಾನು ತಿಳಿದೆ. ಒಲೆ ಹಚ್ಚಿದೆ.

ಊಟಕ್ಕೆ ಕೂರುವ ಸಾಲಿನಲ್ಲಿ ಮೊದಲು ಚೀವರ ಪಡೆದವರು ಮೊದಲು. ಬಿಳಿಯವರು ಕೊನೆ, ಬಾಗಿಲ ಪಕ್ಕ. ಅವಳು ಸಾಲಿನೊಳಗೆ ಹೋದಳು. ನಾನು ಬಾಗಿಲಲ್ಲೇ ಉಳಿದೆ. ಅದರ ಮುಂದಿನ ಪೂರ್ಣಿಮೆಗೂ “ನೋಡೋಣ” ಅಂದರು.

ಆ ವರ್ಷ ಬ್ಯಾರನ್ನುಗಳಿಗೆ ಬೆಂಕಿ ಹಾಕುವ ಕಾಲದಲ್ಲಿ ಮಗಳ ಮಗಳು ನನ್ನನ್ನು ನೋಡಲು ಬಂದಳು. ಕೆ.ಆರ್. ನಗರದಲ್ಲಿ ನರ್ಸಿಂಗ್ ಓದುತ್ತಾಳೆ, ಬಾಯಿ ಜೋರು. ನಾನು ಅವರೆ ಪಾತಿಯಲ್ಲಿ ಕಳೆ ಕೀಳುತ್ತಿದ್ದೆ. ಸೀಬೆಮರದ ಕೆಳಗೆ ಚೀವರದವರು ಕಣ್ಣು ಮುಚ್ಚಿ ಕೂತಿದ್ದರು. ಪಕ್ಕದ ಹೊಲದ ಬ್ಯಾರನ್ನಿನಿಂದ ಸೊಪ್ಪು ಬೇಯುವ ವಾಸನೆ ಬರುತ್ತಿತ್ತು.

“ಕೆಲ್ಸ ಸಾಕಾಯ್ತು ಅಂತ ಇಲ್ಲಿಗ್ ಬಂದೆ ಅಂದಲ್ಲಜ್ಜಿ. ಮಾವನ ಮನೇಲಿ ಇದ್ದಿದ್ರೆ ಟೀವಿನಾದ್ರೂ ನೋಡ್ಕಂಡು ಸೊಪ್ಪು ಕಟ್ಬೋದಿತ್ತು.”

“ಚೀವರ ಕೊಡ್ಲಿ ತಡಿ, ಆಮೇಲ್ ನೋಡು.”

“ಯಾವಾಗ ಕೊಟ್ಟಾರು? ಕೇಳ್ದಾ?”

“ನೋಡೋಣ ಅಂತಾರೆ.”

“ನಮ್ ವಾರ್ಡಲ್ಲಿ ಡಾಕ್ಟ್ರು ನೋಡೋಣ ಅಂದ್ರೆ ಏನರ್ಥ ಗೊತ್ತಾ? ಮನೆಗ್ ಕರ್ಕಂಡೋಗಿ ಅಂತ. ನೇರಾಗ್ ಕೇಳಜ್ಜಿ.”

ಅವಳನ್ನು ಬಸ್ಸು ಹತ್ತಿಸಿ ಬಂದು, ಗುದ್ದಲಿ ತೊಳೆದಿಟ್ಟು, ದೊಡ್ಡ ಮಾತಾಜಿಯ ಮುಂದೆ ಕೂತು ಕೇಳಿದೆ.

“ನಂಗೆ ಚೀವರ ಕೊಡ್ತೀರಾ, ಇಲ್ವಾ? ಪಾಠ ಬರಲ್ಲ ಅಂತ ಕೊಡ್ತಿಲ್ವಾ?”

ಆ ಹೆಂಗಸಿನಲ್ಲಿ ಒಂದು ಗುಣ ಇದೆ, ಸುಳ್ಳು ಹೇಳುವುದಿಲ್ಲ.

“ಪಾಠ ಅಲ್ಲ, ಅಜ್ಜಿ. ನಿಮಗೆ ಚೀವರ ಕೊಟ್ಟ ಮಾರನೆಯ ದಿನ ಒಲೆ ಯಾರು ಹಚ್ಚುತ್ತಾರೆ? ತೋಟ ಯಾರು ನೋಡುತ್ತಾರೆ? ಹಣ್ಣಿಗೆ ಉಗುರು ಯಾರು ತಾಗಿಸುತ್ತಾರೆ? ನೀವು ಬಂದ ಮೇಲೆ ನಾವು ಒಂದು ದಿನವೂ ಉಪವಾಸ ಬಿದ್ದಿಲ್ಲ.”

“ಮೊದಲ್ನೇ ದಿನ ಬಿದ್ರಲ್ಲ.”

ನಕ್ಕರು. ನಾನು ನಗಲಿಲ್ಲ.

“ಇನ್ನೊಬ್ಬರು ಬರಲಿ. ಅವರಿಗೆ ಕೈ ಕೂಡಲಿ. ಆ ದಿನವೇ ನಿಮಗೆ ಕೊಡುತ್ತೇನೆ.”

ನನ್ನ ಕೈ ಚೆನ್ನಾಗಿ ನಡೆಯುತ್ತದೆ ಅಂತಲೇ ಅದಕ್ಕೆ ಬಿಡುವಿಲ್ಲ. ಅಡುಗೆ ಕೆಡಿಸಿದ್ದರೆ, ಗಿಡ ಒಣಗಿಸಿದ್ದರೆ ನಾನೂ ಇಷ್ಟು ಹೊತ್ತಿಗೆ ಮರದ ಕೆಳಗೆ ಕೂತಿರುತ್ತಿದ್ದೆನೇನೋ. ಈಗ ಕೆಡಿಸಲು ನೋಡಿದೆ. ಒಂದು ದಿನ ಬೇಕಂತಲೇ ಸಾರಿಗೆ ಉಪ್ಪು ಹಾಕಲಿಲ್ಲ. ಯಾರೂ ಒಂದು ಮಾತೂ ಆಡದೆ ಉಂಡರು. ಉಪ್ಪು ಕೊಡಿ ಅಂತ ಕೇಳುವಂತಿಲ್ಲವಲ್ಲ. ಅವರ ಮುಖ ನೋಡಿ ನನಗೇ ಬೇಜಾರಾಗಿ ಮಾರನೆಯ ದಿನ ಸರಿಯಾಗಿ ಹಾಕಿದೆ. ಕೆಟ್ಟ ಅಡುಗೆ ಮಾಡುವುದೂ ಚಿಕ್ಕಂದಿನಲ್ಲೇ ಕಲಿಯಬೇಕಾದ್ದು.

ಇನ್ನೊಬ್ಬರು ಬಂದರು, ಹೋದರು. ಒಬ್ಬಳನ್ನು ಗಂಡ ಬಂದು ಕರೆದುಕೊಂಡು ಹೋದ. ಇನ್ನೊಬ್ಬಳು ರಾತ್ರಿ ಊಟ ಇಲ್ಲ ಅಂತ ತಾನೇ ಹೋದಳು. ಆಮೇಲೆ ಯಾರೂ ಬರಲಿಲ್ಲ.

ಹೋದ ಚಳಿಗಾಲದಲ್ಲಿ ನನ್ನ ಬೆರಳುಗಳು ಕೈಕೊಟ್ಟವು. ಬೆಳಿಗ್ಗೆ ಎದ್ದರೆ ಮಡಚಲು ಆಗುವುದಿಲ್ಲ, ಮಡಚಿದರೆ ಬಿಡಿಸಲು ಆಗುವುದಿಲ್ಲ. ಗುದ್ದಲಿ ಜಾರಿ ಬಿತ್ತು. ಮುದ್ದೆ ತಿರುವುವ ಕೋಲು ಹಿಡಿತಕ್ಕೆ ಬರಲಿಲ್ಲ. ಚಿಕ್ಕ ಮಾತಾಜಿ, ಅದೇ ಕೋಟೆಯ ಹುಡುಗಿ, ನನ್ನನ್ನು ಹುಣಸೂರಿಗೆ ಕರೆದುಕೊಂಡು ಹೋದಳು. ಡಾಕ್ಟರು ಗೆಣ್ಣುಗಳನ್ನು ಒತ್ತಿ ನೋಡಿ ಸಂಧಿವಾತ, ವಾಸಿಯಾಗುವುದಲ್ಲ, ಇನ್ನು ಕೈಗೆ ಭಾರದ ಕೆಲಸ ಕೊಡಬೇಡಿ ಅಂದರು. ಆ ಮಾತು ಕೇಳಿ ನಾನು ನಕ್ಕದ್ದು ನೋಡಿ ಡಾಕ್ಟರಿಗೆ ಗಾಬರಿಯಾಯಿತು.

ನಕ್ಕದ್ದು ಖುಷಿಗೇ. ಬಸ್ಸಿನಲ್ಲಿ ಚಿಕ್ಕ ಮಾತಾಜಿಗೆ ಹೇಳಿದೆ: “ಇನ್ನ ಅವ್ರು ಇಲ್ಲ ಅನ್ನಂಗಿಲ್ಲ ಕಣವ್ವ. ಈ ಕೈ ಯಾರ್ಗೂ ಬ್ಯಾಡ. ಈಗ ಕೊಡ್ಲೇಬೇಕು.” ಅವಳು ನನ್ನ ಔಷಧದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆ ನೋಡುತ್ತಾ ಕೂತಿದ್ದಳು. ಅವಳು ಪುಸ್ತಕ ಓದಿದವಳು, ಅವಳಿಗೆ ಆಗಲೇ ಗೊತ್ತಿತ್ತು.

ಬುದ್ಧಪೂರ್ಣಿಮೆಗೆ ಹಿರಿಯರು ಬಂದರು. ದೊಡ್ಡ ಮಾತಾಜಿ ನನ್ನನ್ನು ಅವರ ಮುಂದೆ ಕೂರಿಸಿದರು. ಇನ್ನೊಬ್ಬರು ಬರದಿದ್ದರೂ ಮಾತಿಗೆ ತಪ್ಪಲಿಲ್ಲ. ಚೀವರ ಕೊಡುವ ಮೊದಲು ಕೆಲವು ಪ್ರಶ್ನೆ ಕೇಳುವ ಪದ್ಧತಿ ಇದೆ. ಮನೆಯವರ ಒಪ್ಪಿಗೆ ಇದೆಯಾ ಅಂದರು, ಇದೆ ಅಂದೆ. ಸಾಲ ಇದೆಯಾ ಅಂದರು, ಇಲ್ಲ ಅಂದೆ. ವಾಸಿಯಾಗದ ಕಾಯಿಲೆ ಏನಾದರೂ ಇದೆಯಾ ಅಂದರು.

ಇಲ್ಲ ಅನ್ನಬಹುದಿತ್ತು. ಆದರೆ ಕೈ ಮುಗಿದು ಕೂತಿದ್ದೆನಲ್ಲ, ಆ ಕೈ ಸರಿಯಾಗಿ ಮುಗಿಯುತ್ತಲೇ ಇರಲಿಲ್ಲ. ಬೆರಳುಗಳು ಒಂದೊಂದು ಒಂದೊಂದು ದಿಕ್ಕಿಗಿದ್ದವು. ಅವರು ಅದನ್ನೇ ನೋಡುತ್ತಿದ್ದರು.

“ಐತೆ” ಅಂದೆ.

ಇದ್ದರೆ ಕೊಡುವಂತಿಲ್ಲ, ನಿಯಮ ನಾವು ಮಾಡಿದ್ದಲ್ಲ ಅಂತ ಮೆತ್ತಗೆ ಹೇಳಿದರು. ಬಿಳಿಯಲ್ಲೇ ಸಾಧನೆ ಮಾಡಿ, ಮುಂದಿನ ಜನ್ಮಕ್ಕೆ ಒದಗುತ್ತದೆ ಅಂದರು. ಮುಂದಿನ ಜನ್ಮದಲ್ಲೂ ಕೈ ಇರುತ್ತವಲ್ಲ ಅಂತ ನನ್ನ ಬಾಯಿಗೆ ಬಂತು, ಆಡಲಿಲ್ಲ. ಎದ್ದು ಬಾಗಿಲ ಪಕ್ಕ ಹೋಗಿ ಕೂತೆ.

ಕೈ ಇದ್ದಾಗ ಕೈ ಇದೆ ಅಂತ ಕೊಡಲಿಲ್ಲ. ಹೋದ ಮೇಲೆ ಹೋಯಿತು ಅಂತ ಕೊಡಲಿಲ್ಲ. ಯಾರ ಮೇಲೂ ನನಗೆ ಸಿಟ್ಟಿಲ್ಲ. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು, ಅದಕ್ಕೂ ಸ್ವಲ್ಪ ಬಿಸಿ ಬೇಕು.

ಪೂರ್ಣಿಮೆ ಕಳೆದ ಹದಿನೈದು ದಿನಕ್ಕೆ ಪಕ್ಕದ ಹಳ್ಳಿಯಿಂದ ಒಬ್ಬ ಹೆಂಗಸು ಅಡುಗೆಗೆ ಬರಲು ಶುರು ಮಾಡಿದಳು. ಮೈಸೂರಿನ ಭಕ್ತರೊಬ್ಬರು ಸಂಬಳ ಕೊಡುತ್ತಾರಂತೆ. ಬೆಳಿಗ್ಗೆ ಬಂದು ಬೇಯಿಸಿಟ್ಟು ಹೋಗುತ್ತಾಳೆ. ಅವಳ ಗಂಡ ವಾರಕ್ಕೊಮ್ಮೆ ತೋಟ ಅಗೆಯುತ್ತಾನೆ. ಮೊದಲೇ ಸಿಗಬಹುದಿತ್ತಲ್ಲ ಅಂತ ನಾನು ದೊಡ್ಡ ಮಾತಾಜಿಯನ್ನು ಕೇಳಲಿಲ್ಲ. ಕೇಳಿದರೆ ನಿಜವನ್ನೇ ಹೇಳುತ್ತಾರೆ. ಅದನ್ನು ತೆಗೆದುಕೊಂಡು ನಾನೇನು ಮಾಡಲಿ.

ಮಗ ಬಂದು “ಮನೆಗ್ ನಡಿಯವ್ವ” ಅಂದ. ಈ ಕೈಯಲ್ಲಿ ಅಲ್ಲಿ ಹೋಗಿ ಸೊಪ್ಪು ಬಾಡುವುದನ್ನು ನೋಡುತ್ತಾ ಕೂರಬೇಕು. ಇಲ್ಲಿ ಸೀಬೆಮರ ಇದೆ. ಇಲ್ಲೇ ಇರುತ್ತೇನೆ ಅಂದೆ. ಬಲವಂತ ಮಾಡಲಿಲ್ಲ.

ಈಗ ನನ್ನ ಕೈಗಳು ತೊಡೆಯ ಮೇಲೆ ಇವೆ, ಒಂದರ ಮೇಲೊಂದು. ಯಾರೂ ಅವನ್ನು ಎಬ್ಬಿಸುವುದಿಲ್ಲ. ಆದರೆ ಸುಮ್ಮನಿಲ್ಲ, ನೋಯುತ್ತಲೇ ಇರುತ್ತವೆ. ಬಸ್ಸಿನಲ್ಲಿ ನೋಡಿದ ಆ ಕೈಗಳ ಹಾಗೆ ಇವು ಒಂದು ಗಳಿಗೆಯೂ ಇರಲಿಲ್ಲ. ಹೊಗೆಸೊಪ್ಪಿನ ಕಪ್ಪು ಮಾತ್ರ ಹೋಗಿದೆ. ಯಾವಾಗ ಹೋಯಿತೋ ಗೊತ್ತಾಗಲಿಲ್ಲ.

ಒಂದು ಕೆಲಸ ಇನ್ನೂ ನನ್ನದೇ. ಅಡುಗೆಯವಳಿಗೆ ಆ ಪಾಳಿಯ ಮಾತು ಬಾಯಿಗೆ ಬರುವುದಿಲ್ಲ, ನಗು ಬರುತ್ತದಂತೆ. ಹಾಗಾಗಿ ಹೊತ್ತು ನೆತ್ತಿಗೇರುವ ಮೊದಲು ಹಣ್ಣಿನ ತಟ್ಟೆಯನ್ನು ನನ್ನ ಮುಂದಿಡುತ್ತಾಳೆ. ದೊಡ್ಡ ಮಾತಾಜಿ ಕೇಳುತ್ತಾರೆ. ನನ್ನ ಬಲಗೈ ಹೆಬ್ಬೆರಳು ಒಂದು ಇನ್ನೂ ಮಾತು ಕೇಳುತ್ತದೆ. ಸೀಬೆಹಣ್ಣಿಗೆ ಒತ್ತಿ “ಕಪ್ಪಿಯಂ ಅಯ್ಯೇ” ಅನ್ನುತ್ತೇನೆ. ಚಿಕ್ಕ ಮಾತಾಜಿ ತಲೆ ಎತ್ತದೆ ತಿನ್ನುತ್ತಾಳೆ.

ಹುಣ್ಣಿಮೆಯ ಹಿಂದಿನ ದಿನ ಚೀವರದವರೆಲ್ಲ ತಲೆ ಬೋಳಿಸಿಕೊಂಡು ಉಗುರು ತೆಗೆಯುತ್ತಾರೆ. ನನ್ನ ಉಗುರನ್ನು ಚಿಕ್ಕ ಮಾತಾಜಿ ತೆಗೆದುಕೊಡುತ್ತಾಳೆ. ಹೋದ ಸಲ ಬಲಗೈ ಹೆಬ್ಬೆರಳಿಗೆ ಬಂದಾಗ ದೊಡ್ಡ ಮಾತಾಜಿ ಆ ಕಡೆಯಿಂದ ನೋಡಿ “ಹಣ್ಣಿಗೆ ತಾಗುವ ಉಗುರು ಅದು, ತಿಳಿಯಿರಿ” ಅಂದರು.

ಚಿಕ್ಕ ಮಾತಾಜಿ ಕತ್ತರಿ ಹಿಡಿದುಕೊಂಡು ನನ್ನ ಮುಖ ನೋಡಿದಳು.

“ಅದೊಂದ್ ಬುಡವ್ವ” ಅಂದೆ.